ಕಾಲುವೆಯ ತಲೆಯೂ ತುದಿಯೂ: ಭೀಮರಾಯನಗುಡಿಯಿಂದ ಬಂದವಳ ನಾಲ್ಕು ಮಾತು

(ಬಳಗದ ವಾರ್ಷಿಕ ಕೂಟದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ. ತಮ್ಮ ಹೆಸರು ಹಾಕುವುದು ಬೇಡವೆಂಬುದು ಅವರ ಕೋರಿಕೆ.)

ಬಯಲುಸೀಮೆಯ ಒಬ್ಬ ಮುದುಕಿಯನ್ನು ಇಷ್ಟು ದೂರ ಕರೆಸಿಕೊಂಡು, ಬೆಚ್ಚಗಿನ ಹೊದಿಕೆ ಕೊಟ್ಟು, ಎದುರಿಗೆ ಕುಳಿತು ಕೇಳಲು ಸಿದ್ಧರಾಗಿದ್ದೀರಿ. ನಿಮ್ಮ ಬಳಗದವರು ಪತ್ರ ಬರೆದಾಗ, ನಾನು ಪರಿಸರದ ವಿಷಯದಲ್ಲಿ ಏನೂ ಓದಿದವಳಲ್ಲ, ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಮಗ್ಗಿ ಹೇಳಿಕೊಟ್ಟವಳು ಎಂದು ಉತ್ತರ ಬರೆದೆ. ನಿಮ್ಮ ಊರಿನ ಬಗ್ಗೆ, ನಿಮ್ಮ ದಿನದ ಬಗ್ಗೆ ಹೇಳಿದರೆ ಸಾಕು ಎಂದು ಅವರು ಮರುಪತ್ರ ಹಾಕಿದರು. ಹಾಗಾದರೆ ಹೇಳಬಹುದು ಅನ್ನಿಸಿತು.

ಇಂದು ಬೆಳಗಿನ ಜಾವ ಎಚ್ಚರವಾದಾಗ ನಾನು ಮಲಗಿದ್ದ ಮನೆಯ ಹಿಂದೆ ತೊರೆ ಹರಿಯುವ ಸದ್ದು ಕೇಳಿತು. ಕಾರ್ತಿಕ ಮುಗಿಯುತ್ತ ಬಂದರೂ ತೊರೆ ಹರಿಯುತ್ತಲೇ ಇದೆ. ನಮ್ಮ ಕಡೆಯವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಮೊದಲು ಆಡುತ್ತಿದ್ದ ಮಾತು ಯಾವುದೆಂದು ನನಗೆ ಗೊತ್ತು. ಅಯ್ಯೋ, ಇಷ್ಟು ನೀರು ವ್ಯರ್ಥವಾಗಿ ಸಮುದ್ರಕ್ಕೆ ಹೋಗುತ್ತಿದೆಯಲ್ಲ! ನಾನೂ ಬಹಳ ವರ್ಷ ಇದನ್ನೇ ಆಡಿದವಳು. ತರಗತಿಯಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಇಂದು ಈ ‘ವ್ಯರ್ಥ’ ಎಂಬ ಶಬ್ದದ ಬಗ್ಗೆಯೇ ಒಂದಿಷ್ಟು ಮಾತಾಡಬೇಕೆಂದಿದ್ದೇನೆ.

ನಮ್ಮ ಊರನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಾರಿರಿ. ಭೀಮರಾಯನಗುಡಿ ಇರುವುದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಅದಕ್ಕೆ ಮೊದಲು ನಾವು ಗುಲ್ಬರ್ಗಾ ಜಿಲ್ಲೆಯವರು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ನಾವು. ಎರಡು ದೊಡ್ಡ ಹೊಳೆಗಳ ಮಧ್ಯೆ ಇದ್ದೂ ನಮ್ಮ ಹಿರಿಯರು ಕೊಡ ಹಿಡಿದು ಮೈಲಿಗಟ್ಟಲೆ ನಡೆದರು. ಹೊಳೆ ತಗ್ಗಿನಲ್ಲಿ, ಹೊಲ ದಿಬ್ಬದಲ್ಲಿ. ವರ್ಷದ ಮಳೆ ಏಳುನೂರು ಮಿಲಿಮೀಟರಿನ ಆಸುಪಾಸು. ನಿಮ್ಮ ಘಟ್ಟದ ಊರುಗಳಲ್ಲಿ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ ಎಂದು ನೆನ್ನೆ ನೀವೇ ಹೇಳಿದಿರಿ.

ಶಹಾಪುರದ ಬೆಟ್ಟದ ಸಾಲನ್ನು ದೂರದಿಂದ ನೋಡಿದರೆ ಒಬ್ಬ ಮನುಷ್ಯ ಆಕಾಶ ನೋಡುತ್ತ ಅಂಗಾತ ಮಲಗಿದಂತೆ ಕಾಣುತ್ತದೆ. ಮಲಗಿದ ಬುದ್ಧ ಎಂದು ಕರೆಯುತ್ತಾರೆ. ಸಮೀಪದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇಟ್ಟ ಬಯಲೊಂದಿದೆ. ಬೃಹತ್ ಶಿಲಾಯುಗದ ಕಾಲದವರು ಇಟ್ಟದ್ದು ಎನ್ನುತ್ತಾರೆ, ಯಾಕೆ ಇಟ್ಟರೋ. ಸುರಪುರದ ಕಡೆ ಹುಣಸಗಿ, ಇಸಾಂಪುರಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ದಶಕಗಳ ಕಾಲ ಅಗೆದು, ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಕಲ್ಲಿನ ಆಯುಧಗಳನ್ನು ಹುಡುಕಿ ತೆಗೆದರು. ಆ ಆದಿಮಾನವರು ಬೇಸಿಗೆಯಲ್ಲೂ ಬತ್ತದ ಒರತೆಗಳನ್ನು ನೆಚ್ಚಿಕೊಂಡು ಆ ಕಣಿವೆಯಲ್ಲಿ ಬದುಕಿದ್ದರೆಂದು ಅವರು ಬರೆದಿದ್ದಾರೆ. ಅಂದಿನಿಂದಲೂ ನಮ್ಮ ಸೀಮೆಯಲ್ಲಿ ನೀರಿದ್ದಲ್ಲಿಗೆ ಮನುಷ್ಯ ಹೋಗುತ್ತಿದ್ದ. ಮನುಷ್ಯ ಇದ್ದಲ್ಲಿಗೆ ನೀರು ಬಂದದ್ದು ನನ್ನ ಕಣ್ಣೆದುರಿಗೆ.

ಭೀಮರಾಯನಗುಡಿ ಹೆಸರಿಗೆ ಗುಡಿಯ ಊರು. ನಮ್ಮ ಕಡೆ ಹನುಮಂತನನ್ನು ಬಲಭೀಮ, ಭೀಮರಾಯ ಎಂದೂ ಕರೆಯುವುದುಂಟು. ಆದರೆ ಇಂದು ನೀವು ಬಸ್ಸಿನಿಂದಿಳಿದರೆ ಕಾಣುವ ಊರು ದೇವರಿಂದ ಬೆಳೆದದ್ದಲ್ಲ, ಕಾಲುವೆಯಿಂದ ಬೆಳೆದದ್ದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ನೌಕರರ ವಸತಿಗೃಹಗಳ ಸಾಲುಗಳು, ಅಚ್ಚುಕಟ್ಟು ಪ್ರದೇಶಾಭಿವೃದ್ಧಿಯ ಕಚೇರಿ, ಬೇವಿನ ಮರಗಳ ರಸ್ತೆಗಳು. ಈಗ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯವೂ ಇದೆ. ಗೋಗಿಯ ಯುರೇನಿಯಂ ಗಣಿಯ ವಿಚಾರ ಕೇಳಬೇಕೆಂದು ನಿಮ್ಮಲ್ಲಿ ಕೆಲವರು ನೆನ್ನೆ ಸೂಚಿಸಿದಿರಿ. ಗೋಗಿ ನಮಗೆ ಹತ್ತಿರದ ಊರೇ, ಅಲ್ಲಿಯ ಜನರ ಆತಂಕವನ್ನೂ ಬಲ್ಲೆ. ಆದರೆ ಅದು ಪೂರ್ತಿ ಒಂದು ದಿನದ ಮಾತು, ಅಲ್ಲಿಯವರನ್ನೇ ಕರೆಸಿ ಕೇಳಿ.

ನನ್ನ ದಿನಚರಿಯಲ್ಲಿ ವಿಶೇಷವೇನಿಲ್ಲ. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆಯಿತು. ಐದಕ್ಕೆ ಏಳುತ್ತೇನೆ. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ನಾಲ್ಕು ಎಳೆ ಎಳೆದು, ಕಾಲುವೆಯ ಏರಿಯ ಮೇಲೆ ಅರ್ಧ ತಾಸು ನಡೆದು ಬರುತ್ತೇನೆ. ಮೊಣಕಾಲು ಒಪ್ಪಿದ ದಿನ ಮುಕ್ಕಾಲು ತಾಸು. ಮರಳಿ ಬಂದು ಎರಡು ಜೋಳದ ರೊಟ್ಟಿ ತಟ್ಟುತ್ತೇನೆ, ನನಗೆ ಒಂದು, ಮಗನಿಗೆ ಒಂದು. ಸೊಸೆಗೂ ಮೊಮ್ಮಕ್ಕಳಿಗೂ ಅನ್ನವೇ ಆಗಬೇಕು. ಮೊಮ್ಮಗಳಿಗೆ ರೊಟ್ಟಿ ತಟ್ಟಲು ಬರುವುದಿಲ್ಲ. ಹಬ್ಬಕ್ಕೆ ಅಂಗಡಿಯಿಂದ ಕಟಕ ರೊಟ್ಟಿಯ ಕಟ್ಟು ತರುತ್ತಾಳೆ. ನಾನು ಬೈಯುವುದಿಲ್ಲ. ಮಣೆಯ ಮೇಲೆ ರೊಟ್ಟಿ ತಟ್ಟುವ ಸದ್ದು ಕೇಳಿ ನಸುಕಿನಲ್ಲಿ ಓಣಿಯೇ ಏಳುತ್ತಿದ್ದ ಕಾಲ ನನಗೆ ನೆನಪಿದೆ, ಅಷ್ಟೇ. ಆ ಸದ್ದು ಎಂದು ನಿಂತಿತೆಂದು ಯಾರಾದರೂ ಕೇಳಿದರೆ, 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂದಾಗ ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಹಸಿದವರಿಗೆ ಅಕ್ಕಿ ಬಂದದ್ದು ಒಳ್ಳೆಯದೇ. ಜೋಳ ನಮ್ಮ ಹೊಲದಿಂದ ಹೋದದ್ದು ಅದಕ್ಕೂ ಎರಡು ದಶಕ ಮೊದಲು, ಕಾಲುವೆಯೊಂದಿಗೆ.

ನಾನು ಹುಟ್ಟಿದ್ದು 1953ರಲ್ಲಿ, ಶಹಾಪುರ ತಾಲ್ಲೂಕಿನದೇ ಇನ್ನೊಂದು ಹಳ್ಳಿಯಲ್ಲಿ. ಅದರ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಕಪ್ಪು ಎರೆಭೂಮಿ. ಮುಂಗಾರಿಗೆ ತೊಗರಿ, ಸಜ್ಜೆ, ಹೆಸರು; ಹಿಂಗಾರಿಗೆ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿಯ ಮುಳ್ಳುಸಾಲು, ದನ ನುಗ್ಗಬಾರದೆಂದು. ಎರೆ ಮಣ್ಣು ಒಮ್ಮೆ ತುಂಬ ಮಳೆ ಕುಡಿದರೆ, ಆಮೇಲೆ ಹನಿ ಬೀಳದಿದ್ದರೂ ಬರೀ ಇಬ್ಬನಿ, ಚಳಿಯಲ್ಲೇ ಜೋಳ ಬೆಳೆದು ನಿಲ್ಲುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಸಜ್ಜೆ ಕಡುಬು, ಭಜ್ಜಿ, ರೊಟ್ಟಿ ಕಟ್ಟಿಕೊಂಡು ಎತ್ತಿನ ಬಂಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದೆವು. ಸುಗ್ಗಿಯ ಕಾಳು ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು.

ಇಷ್ಟು ಹೇಳಿದರೆ ಅದೊಂದು ಸುವರ್ಣಯುಗವೆಂದು ನೀವು ಭಾವಿಸಬಹುದು. ಹಾಗೆ ಭಾವಿಸಬೇಡಿ. 1972ರ ಬರ ಬಂದಾಗ ನನಗೆ ಹತ್ತೊಂಬತ್ತು. ಎರಡು ವರ್ಷ ಮಳೆ ಕೈಕೊಟ್ಟು ಹಗೇವು ಬರಿದಾಯಿತು. ನಮ್ಮ ಅಪ್ಪ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ, ಕೊಳ್ಳುವವರಿಲ್ಲದೆ ಅಲ್ಲೇ ಬಿಟ್ಟು ಬಂದ. ನಾನೂ ತಂಗಿಯೂ ಅವ್ವನೊಡನೆ ಬರಪರಿಹಾರದ ಕಾಮಗಾರಿಯಲ್ಲಿ ಜಲ್ಲಿ ಒಡೆದೆವು. ಕೂಲಿಗೆ ಸಿಕ್ಕ ಕೆಂಪುಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ವರ್ಷ ನಮ್ಮ ಓಣಿಯಿಂದ ಮುಂಬಯಿಗೆ ಗುಳೆ ಹೋದ ಮನೆಗಳಲ್ಲಿ ಎರಡು ಮನೆಯವರು ಮರಳಿ ಬರಲೇ ಇಲ್ಲ. ಆದ್ದರಿಂದ ಕಾಲುವೆ ಬಾರದಿದ್ದರೆ ಒಳಿತಿತ್ತು ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಒಪ್ಪುವುದಿಲ್ಲ. ನಿಮ್ಮ ಬಳಗದ ಕೆಲವು ಬರಹಗಳಲ್ಲಿ ಆ ಧಾಟಿ ಕಂಡಿದ್ದೇನೆ, ಕ್ಷಮಿಸಿ. ಬಾಯಾರಿದವರ ಊರಿನಲ್ಲಿ ಒಂದು ಬೇಸಿಗೆ ಕಳೆದು ಆಮೇಲೆ ಬರೆಯಿರಿ.

ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಐದು ದಿನ ಕಳೆದು ನೆಹರೂ ತೀರಿಕೊಂಡರು; ಹಾಗಾಗಿ ಅಡಿಗಲ್ಲಿನ ತಾರೀಖು ನಮ್ಮ ಹಿರಿಯರಿಗೆ ಮರೆಯಲಿಲ್ಲ. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ಅಲ್ಲಿಂದ ಎಡದಂಡೆ ಕಾಲುವೆ 78 ಕಿಲೋಮೀಟರು ಹರಿದು, ಮುಂದೆ ಶಾಖೆಗಳಾಗಿ ಒಡೆಯುತ್ತದೆ. ಅವುಗಳಲ್ಲೊಂದು ನಮ್ಮ ಶಹಾಪುರ ಶಾಖಾ ಕಾಲುವೆ. ಶಾಖೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ತೂಬು, ತೂಬಿನಿಂದ ಹೊಲಗಾಲುವೆ. ಮರವನ್ನು ಮಲಗಿಸಿದರೆ ಬುಡ, ರೆಂಬೆ, ಕಡ್ಡಿ, ಎಲೆ ಇರುವುದಿಲ್ಲವೇ, ಹಾಗೆ ಎಂದು ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ.

ನಾನು ಮದುವೆಯಾಗಿ ಬಂದ ಮನೆಯ ಹೊಲ, ಆರು ಎಕರೆ, ವಿತರಣಾ ಕಾಲುವೆಯ ತಲೆಯಲ್ಲಿ ಬಿತ್ತು. ತವರಿನ ಹೊಲ ಅದೇ ಕಾಲುವೆಯ ಕೊನೆಯ ತೂಬಿಗೆ ಬಿತ್ತು. ನಕ್ಷೆ ಬರೆದವರಿಗೆ ನಾವು ಬೀಗರೆಂದು ಗೊತ್ತಿರಲಿಲ್ಲ. ತಂಗಿಯನ್ನು ತವರಿನಲ್ಲೇ ಸೋದರಮಾವನ ಮಗನಿಗೆ ಕೊಟ್ಟಿದ್ದರು. ಹೀಗೆ ಅಕ್ಕ ಮೇಲೆ, ತಂಗಿ ಕೆಳಗೆ.

ಯಜಮಾನರು ಕಾಮಗಾರಿಯಲ್ಲಿ ದಿನಗೂಲಿ ಲೆಕ್ಕ ಬರೆಯುತ್ತಿದ್ದರು. ನಾನು ತರಬೇತಿ ಮುಗಿಸಿ ಶಾಲೆ ಸೇರಿದೆ. ಆ ದಿನಗಳ ತರಗತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೈಸೂರು, ಬೆಂಗಳೂರು ಕಡೆಯ ಎಂಜಿನಿಯರುಗಳ ಮಕ್ಕಳು ಒಂದು ಸಾಲು. ಕಲ್ಲು ಒಡೆಯಲು, ಮಣ್ಣು ಹೊರಲು ಆಂಧ್ರ, ತಮಿಳುನಾಡುಗಳಿಂದ ಬಂದವರ ಮಕ್ಕಳು ಇನ್ನೊಂದು ಸಾಲು. ಸುತ್ತಲ ಹಳ್ಳಿಯವರು ನಡುವೆ. ನಾಲ್ಕು ಭಾಷೆ ಒಂದೇ ಕೋಣೆಯಲ್ಲಿ. ಜೂನಿನಲ್ಲಿ ಸೇರಿದ ಕಲ್ಲಿನವರ ಮಕ್ಕಳು ಜನವರಿಗೆ ಇರುತ್ತಿರಲಿಲ್ಲ. ಕಾಲುವೆ ಮುಂದೆ ಹೋದಂತೆ ಅವರ ಗುಡಿಸಲೂ ಮುಂದೆ ಹೋಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವಾಗ ಪ್ರತಿ ಸಲ ಬೇಸರವಾಗುತ್ತಿತ್ತು. ಆ ಕಾಲುವೆಯ ನೀರನ್ನು ಅವರಲ್ಲಿ ಯಾರೂ ನೋಡಿರಲಾರರು.

ನೀರು ಬಂದ ದಿನ ಹೇಗಿತ್ತೆಂದರೆ, ಮೊದಲು ಹುಳುಹುಪ್ಪಟೆ, ಕಸಕಡ್ಡಿ, ನೊರೆ ಬಂದವು. ಅವುಗಳ ಹಿಂದೆ ಕೆಂಪು ನೀರು ಮೆಲ್ಲಗೆ, ಕುರುಡ ನಡೆದಂತೆ ತಡವರಿಸುತ್ತ ಬಂತು. ಹೆಂಗಸರು ಆರತಿ ಎತ್ತಿದೆವು, ಅರಿಸಿನ ಕುಂಕುಮ ಹಾಕಿದೆವು. ಅತ್ತೆ ಮೊಣಕಾಲವರೆಗೆ ಇಳಿದು ನಿಂತು ಅತ್ತರು. ಬರದ ವರ್ಷ ಅವರು ಒಂದು ಮಗು ಕಳೆದುಕೊಂಡಿದ್ದರು.

ಯೋಜನೆಯ ಕಾಗದದಲ್ಲಿ ನಮ್ಮ ಅಚ್ಚುಕಟ್ಟು ಭತ್ತಕ್ಕಲ್ಲ. ಇದನ್ನು ದಯವಿಟ್ಟು ಗಮನಿಸಿ. ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಲೆಕ್ಕದಲ್ಲಿ ಕೃಷ್ಣಾ ಮೇಲ್ದಂಡೆಯ ಮೊದಲೆರಡು ಹಂತಕ್ಕೆ ಸಿಕ್ಕ ಪಾಲು 173 ಟಿಎಂಸಿ, ಅದರಲ್ಲಿ 6.22 ಲಕ್ಷ ಹೆಕ್ಟೇರ್ ನೆನೆಯಬೇಕು. ನೀರನ್ನು ತೆಳ್ಳಗೆ ಹರಡಿ, ಜೋಳ, ಶೇಂಗಾ, ಸಜ್ಜೆ, ಹತ್ತಿಯಂಥ ಬೆಳೆಗೆ ಕೈಕೊಟ್ಟ ಮಳೆಯ ಜಾಗದಲ್ಲಿ ಒಂದೆರಡು ನೀರು ಕೊಡುವುದು ಉದ್ದೇಶ. ಬರದಿಂದ ಹೆಚ್ಚು ಜನರನ್ನು ಕಾಯುವ ಒಳ್ಳೆಯ ಯೋಚನೆ ಅದು. ಮಾಡಿದವರಿಗೆ ಬುದ್ಧಿ ಇತ್ತು. ಆದರೆ ಕಾಗದದ ನೀರು ಬೇರೆ, ಮನೆಮುಂದೆ ಹರಿಯುವ ನೀರು ಬೇರೆ. ಕಾಲುವೆಯ ತಲೆಯಲ್ಲಿದ್ದವನಿಗೆ ಅದು ತೆಳ್ಳಗೆ ಕಾಣುವುದಿಲ್ಲ. ದಂಡೆ ತುಂಬ ಹರಿಯುತ್ತದೆ, ಹಗಲಿರುಳು ಹರಿಯುತ್ತದೆ, ಮುಗಿಯುವ ಲಕ್ಷಣವೇ ಇಲ್ಲ.

ಸುರಪುರದ ಹತ್ತಿರ ಬೋನಾಳ ಕೆರೆಯಿದೆ. ಸುರಪುರದ ನಾಯಕ ಅರಸರ ಕಾಲದ ಕೆರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ಹಿಗ್ಗಿಸಿದ. ಇಂದು ಪಕ್ಷಿಧಾಮ, ಕೆನ್ನೀಲಿ ಬಕಗಳು ಜೊಂಡಿನಲ್ಲಿ ಕೂತಿರುತ್ತವೆ. ಶಾಲೆಯ ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಕೆರೆಯ ನೀರು ಇಳಿದರೆ ಇಳಿದದ್ದು ಎಲ್ಲರಿಗೂ ಕಾಣುತ್ತದೆ. ಮೆಟ್ಟಿಲು ತೋರುತ್ತದೆ, ಕೆಸರು ತೋರುತ್ತದೆ. ಊರಿನ ಹಿರಿಯರು ಸೇರಿ ಈ ವರ್ಷ ಇಷ್ಟೇ ಹೊಲ ಎನ್ನಬಲ್ಲರು. ಕಾಲುವೆಗೆ ಆ ಗುಣವಿಲ್ಲ. ಮೇಲಿನವನು ಎಷ್ಟು ಕುಡಿದನೆಂಬುದು ಮೇಲಿನವನಿಗೆ ಕಾಣುವುದಿಲ್ಲ. ಅದು ಮೂವತ್ತು ಮೈಲಿ ಕೆಳಗೆ, ಬೇರೆ ಯಾರದೋ ಒಣಗಿದ ಹೊಲದಲ್ಲಿ ಕಾಣುತ್ತದೆ.

ನೀರು ಬಂದ ಕೆಲವು ವರ್ಷಕ್ಕೆ ಆಂಧ್ರದ ಡೆಲ್ಟಾ ಕಡೆಯ ರೈತರು ಬಂದು ಹೊಲ ಗುತ್ತಿಗೆ ಕೇಳಿದರು. ಕೆಸರಿನ ಬೇಸಾಯದಲ್ಲಿ ಪಳಗಿದ ಶ್ರಮಜೀವಿಗಳು. ಎರೆಹೊಲವನ್ನು ಸಮತಟ್ಟು ಮಾಡಿ, ಒಡ್ಡು ಕಟ್ಟಿ, ಭತ್ತ ನಾಟಿ ಮಾಡಿದರು. ಜೋಳದಲ್ಲಿ ನಾವು ಕಂಡ ಹಣದ ಹಲವು ಪಟ್ಟು ಹಣವನ್ನು ಕೈಗೆ ಮುಂಗಡವಾಗಿ ಕೊಟ್ಟರು. ಅವರು ಬಂದು ಕೆಡಿಸಿದರು ಎಂದು ಇಂದು ನಮ್ಮ ಊರುಗಳಲ್ಲಿ ಸುಲಭವಾಗಿ ಹೇಳುತ್ತಾರೆ. ಹೊಲದ ಕಾಗದ ನಮ್ಮದು, ಮುಂಗಡ ಎಣಿಸಿಕೊಂಡ ಕೈ ನಮ್ಮದು. ಆ ಹಣದಲ್ಲೇ ನಾನು ಮಗಳನ್ನು ಓದಿಸಿದೆ, ಮನೆಗೆ ತಾರಸಿ ಹಾಕಿಸಿದೆ. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯಬಹುದೆಂದು ಆಗಲೂ ಗೊತ್ತಿತ್ತು. ನಾನು ಐದನೆಯ ತರಗತಿಗೆ ಭಾಗಾಕಾರ ಕಲಿಸುತ್ತಿದ್ದವಳು.

ಈಗ ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ.

ಒಂದು ವರ್ಷ ಮಳೆ ಕಡಿಮೆಯಾಗಿ ಕಾಲುವೆಯಲ್ಲಿ ಸರದಿ ಕಟ್ಟುನಿಟ್ಟಾಯಿತು. ಕೆಲವು ದಿನ ನೀರು ಮೇಲಿನ ತೂಬುಗಳಿಗೆ, ಕೆಲವು ದಿನ ಮೇಲಿನವು ಮುಚ್ಚಿ ಕೆಳಗಿನವುಗಳಿಗೆ. ವಾರಾಬಂದಿ ಎನ್ನುತ್ತೇವೆ. ನಮ್ಮ ತೂಬು ಮುಚ್ಚಿರಬೇಕಾದ ದಿನಗಳು ಬಂದವು. ಭತ್ತ ಆಗಷ್ಟೇ ತೆನೆ ಕಟ್ಟುತ್ತಿತ್ತು. ಗುತ್ತಿಗೆಯವರು ಬಂದು, ಅಮ್ಮಾ, ಇನ್ನೊಂದು ನೀರು ಆಗದಿದ್ದರೆ ಜೊಳ್ಳಾಗುತ್ತದೆ, ಮುಂದಿನ ವರ್ಷದ ಮುಂಗಡದ ಮಾತೇ ಇಲ್ಲ ಎಂದರು. ಯಜಮಾನರು ಊರಲ್ಲಿರಲಿಲ್ಲ. ಮಗಳ ಕಾಲೇಜಿನ ಹಣ ಕಟ್ಟುವುದಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ನಾನೇ ಲಾಟೀನು ಹಿಡಿದು ಅವರೊಡನೆ ಹೋದೆ. ತೂಬಿನ ಬಾಯಿಗೆ ತುಂಬಿದ್ದ ಗೋಣಿಚೀಲಗಳನ್ನೂ ಕಲ್ಲನ್ನೂ ತೆಗೆಸಿದೆ. ನಾಲ್ಕು ರಾತ್ರಿ ಹೀಗೆ ನಡೆಯಿತು, ಬೆಳಗಾಗುವ ಮುಂಚೆ ಮತ್ತೆ ಮುಚ್ಚುತ್ತಿದ್ದೆವು. ನಾನೊಬ್ಬಳೇ ಅಲ್ಲ, ಏರಿಯ ಉದ್ದಕ್ಕೂ ಲಾಟೀನು ಕಾಣುತ್ತಿದ್ದವು. ಬೆಳಗಾದ ಮೇಲೆ ಸೀರೆ ಬದಲಿಸಿ ಶಾಲೆಗೆ ಹೋಗಿ ಪ್ರಾರ್ಥನೆ ಹೇಳಿಸಿದೆ.

ಎಂಟು ಹತ್ತು ದಿನ ಕಳೆದು ತಂಗಿ ಬಂದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ಬಿಚ್ಚಿದರೆ ಬೇರುಸಹಿತ ಕಿತ್ತ ಶೇಂಗಾ ಗಿಡ, ಕಾಯಿ ಬೆರಳ ಉಗುರಿನಷ್ಟೂ ಆಗದೆ ಸುರುಟಿ ಹೋಗಿತ್ತು. ಅಕ್ಕಾ, ನಿಮಗೆ ಬಂತೇನು ನೀರು, ನಮಗೆ ಸರದಿ ಅಂದರು, ಕಾಲುವೆಯಲ್ಲಿ ಹಲ್ಲಿ ಓಡಾಡುತ್ತಿದೆ ಎಂದಳು. ನಮಗೂ ಬಂದಿಲ್ಲ ಎಂದು ನಾನು ಹೇಳಿದೆ. ಅವಳು ಹಿತ್ತಲ ಬಾಗಿಲಿನಿಂದ ಹೊರಗೆ ನೋಡಿದಳು. ಅಲ್ಲಿ ಭತ್ತದ ಗದ್ದೆಯಲ್ಲಿ ನೀರು ಹೊಳೆಯುತ್ತಿತ್ತು. ಅವಳು ಒಂದು ಮಾತೂ ಆಡದೆ ಊಟ ಮಾಡಿ, ಬಟ್ಟಲು ತೊಳೆದಿಟ್ಟು, ಬಸ್ಸಿಗೆ ಹೋದಳು. ಆ ಗಿಡ ಅಡುಗೆಮನೆಯ ಗೂಡಿನಲ್ಲಿ ಉಳಿಯಿತು. ನಾಲ್ಕು ವರ್ಷ ಅವಳು ನಮ್ಮ ಮನೆಗೆ ಬರಲಿಲ್ಲ, ನನ್ನ ಮಗಳ ಮದುವೆಗೂ ಬರಲಿಲ್ಲ. ತವರಿನ ಹೆಸರು ಯಾಕೆ ಹೇಳಲಿಲ್ಲವೆಂದು ಈಗ ತಿಳಿದಿರಬಹುದು.

ಭೂಮಿಯೂ ಸುಮ್ಮನಿರಲಿಲ್ಲ. ಹನ್ನೆರಡು ಹದಿಮೂರು ಭತ್ತ ತೆಗೆದ ಮೇಲೆ ಹೊಲದ ತಗ್ಗಿನ ಮೂಲೆಯಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿತು, ಬಟ್ಟೆಸೋಡದಂತೆ. ಮರುವರ್ಷ ಆ ಜಾಗದಲ್ಲಿ ಸಸಿ ಹಿಡಿಯಲಿಲ್ಲ. ಮೂರನೆಯ ವರ್ಷ ಅರ್ಧ ಎಕರೆ, ಆಮೇಲೆ ಎರಡು ಎಕರೆ. ಎರೆಮಣ್ಣು ಜಿಗಟು, ನೀರು ಕೆಳಕ್ಕೆ ಬಸಿಯುವುದು ಬಹಳ ನಿಧಾನ. ಮೇಲಿಂದ ಸುರಿದಂತೆ ಒಳಗಿನ ನೀರಿನ ಮಟ್ಟ ಏರುತ್ತ ಬರುತ್ತದೆ. ಏರುವಾಗ ಆಳದಲ್ಲಿ ಸುಮ್ಮನೆ ಮಲಗಿದ್ದ ಲವಣವನ್ನು ಕರಗಿಸಿಕೊಂಡು ಬರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಸವಳು, ಜವಳು ಎಂದು ಜೋಡಿಯಾಗಿ ಹೇಳುತ್ತಾರಲ್ಲ, ಎರಡೂ ನಮ್ಮ ಹೊಲಕ್ಕೆ ಬಂದವು. ಸೀನೀರಿನ ಬಾವಿ ಚಪ್ಪೆಯಾಗಿ, ಆಮೇಲೆ ಉಪ್ಪಾಯಿತು. ಗುತ್ತಿಗೆಯವರು ಒಳ್ಳೆಯ ಮಾತಿನಲ್ಲೇ ಮುಂದಿನ ಹಳ್ಳಿಗೆ ಹೋದರು.

ಅಂದರೆ ನಾನು ತಂಗಿಯ ಪಾಲಿನಿಂದ ಕದ್ದ ನೀರು ನನಗೂ ದಕ್ಕಲಿಲ್ಲ. ಅವಳ ಹೊಲ ನೀರಿಲ್ಲದೆ ಕೆಟ್ಟಿತು, ನನ್ನದು ನೀರಿನಿಂದ ಕೆಟ್ಟಿತು. ಕಾಲುವೆ ಒಂದೇ.

ನಿವೃತ್ತಿಯ ಹಣ ಬಂದ ಮೇಲೆ ಮಗ ಹೊಲದ ತಗ್ಗಿಗೆ ಬಸಿಗಾಲುವೆ ತೆಗೆಸಿದ. ಕೃಷಿ ಕಾಲೇಜಿನ ಮಣ್ಣುಪರೀಕ್ಷೆಯವರು ಹೇಳಿದಂತೆ ಜಿಪ್ಸಂ ಹಾಕಿ, ಡಯಾಂಚ ಬಿತ್ತಿ ಹೂವಾಡುವ ಮುಂಚೆ ಉಳುಮೆ ಮಾಡಿ ಮಣ್ಣಿಗೆ ಸೇರಿಸಿದ. ಐದಾರು ವರ್ಷಕ್ಕೆ ಮುಕ್ಕಾಲು ಪಾಲು ಹೊಲ ಮರಳಿ ಬಂದಿದೆ. ಉಳಿದ ಮೂಲೆಯಲ್ಲಿ ಜಾಲಿ ಬೆಳೆದಿದೆ, ಅದನ್ನು ಹಾಗೇ ಬಿಟ್ಟಿದ್ದೇವೆ. ಭತ್ತ ನಿಲ್ಲಿಸಿದೆವು. ಹತ್ತಿ, ತೊಗರಿ, ಹಿಂಗಾರಿಗೆ ಎರಡು ಎಕರೆ ಬಿಳಿಜೋಳ. ಪಕ್ಕದವರ ಭತ್ತದ ನೀರು ಬಸಿದು ಬರುವುದು ಮಾತ್ರ ನಿಂತಿಲ್ಲ, ಅವರೊಡನೆ ಜಗಳ ನಡೆದೇ ಇದೆ.

2023ರ ಜನವರಿ 19ರಂದು ನಮ್ಮ ಜಿಲ್ಲೆಯ ಕೊಡೇಕಲ್‌ಗೆ ಪ್ರಧಾನಮಂತ್ರಿಗಳು ಬಂದು ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. ಕಾಲುವೆಗೆ ಹೊಸ ಲೈನಿಂಗ್, ಕುಳಿತಲ್ಲಿಂದಲೇ ತೆರೆದು ಮುಚ್ಚಬಲ್ಲ ಗೇಟುಗಳು, ಎಷ್ಟು ನೀರು ಹೋಯಿತೆಂದು ತೋರುವ ಯಂತ್ರಗಳು. ಮೂರು ಜಿಲ್ಲೆಗಳ 560 ಹಳ್ಳಿಗಳಿಗೆ ಪ್ರಯೋಜನವೆಂದರು. ನಾನಿದನ್ನು ಹಳಿಯುವುದಿಲ್ಲ. ಗೇಟಿಗೆ ಲೆಕ್ಕ ಬಂದದ್ದು ದೊಡ್ಡ ಮಾತು. ಆ ಲೆಕ್ಕ ಮೊದಲೇ ಇದ್ದಿದ್ದರೆ ನನ್ನ ಲಾಟೀನಿನ ಬೆಳಕು ಯಾರಿಗಾದರೂ ಕಾಣುತ್ತಿತ್ತು. ಆದರೆ ಯಂತ್ರ ಗೇಟಿನವರೆಗೆ ಇದೆ. ಗೇಟಿನಿಂದಾಚೆ ಯಾರ ಹೊಲದಲ್ಲಿ ಯಾವ ಬೆಳೆ ಎಂಬುದು ಇಂದಿಗೂ ಯಾರ ಹಟ ಹೆಚ್ಚು ಎಂಬುದರ ಮೇಲೆ ನಿಂತಿದೆ. ಅದೇ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು. ಹೊಸ ಕಾಲುವೆಯ ತಲೆಯಲ್ಲಿ ಆ ವರ್ಷವೂ ನಾನು ಭತ್ತ ಕಂಡೆ. ತಂಗಿಯ ಮೊಮ್ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ನೀರಾವರಿ ಜಮೀನಿನ ಪಹಣಿ ಮನೆಯಲ್ಲಿಟ್ಟುಕೊಂಡು ಗುಳೆ ಹೋಗುವ ಹುಡುಗರು ಅವನಂಥವರು ಬಹಳ ಮಂದಿ.

ಇನ್ನು ನಿಮ್ಮ ವಿಷಯ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ವಿರುದ್ಧ ನೀವು ಬಹುಕಾಲದಿಂದ ಹೋರಾಡುತ್ತಿದ್ದೀರಿ. ಆ ನೀರು ಗದಗ, ರಾಯಚೂರು ಕಡೆಯ ಬಯಲಿಗೆಂದು ಕಾಗದದಲ್ಲಿ ಬರೆದಿದೆ. ಅಂದರೆ ನಿಮ್ಮ ನೀರು ಕೇಳುತ್ತಿರುವವರು ನಮ್ಮ ನೆರೆಹೊರೆಯವರು, ನಮ್ಮಂಥವರೇ. ಮಲಪ್ರಭೆಗೆ ಕಳಸಾ, ಬಂಡೂರಿ ಹಳ್ಳಗಳ ನೀರು ಬೇಕೆಂದು ನರಗುಂದ, ನವಲಗುಂದದವರು ವರ್ಷಗಟ್ಟಲೆ ಧರಣಿ ಕೂತದ್ದೂ ನಿಮಗೆ ಗೊತ್ತು. ಅವರ ಬಾಯಾರಿಕೆ ಸುಳ್ಳೆಂದು ನಿಮ್ಮ ಸಭೆಗಳಲ್ಲಿ ಯಾರೂ ಹೇಳಬೇಡಿ. ಕೊನೆಯ ತೂಬಿನವನ ಕೂಗು ನಿಜ. ನನ್ನ ತಂಗಿಯ ಸೆರಗಿನಲ್ಲಿದ್ದ ಗಿಡ ನಿಜ.

ಆದರೆ ನಮ್ಮನ್ನು ಒಂದು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಈಗಾಗಲೇ ಬಂದ ನೀರನ್ನು ಏನು ಮಾಡಿದಿರಿ? ನಿಮ್ಮ ಕಾಡು ಮುಳುಗಿಸಿ, ಬೆಟ್ಟ ಕೊರೆದು ಇನ್ನೊಂದು ಹೊಳೆಯನ್ನು ನಮ್ಮತ್ತ ಹರಿಸಿದರೂ, ಕಾಲುವೆಯ ತಲೆಯಲ್ಲಿ ನನ್ನಂಥವಳು ಕೂತಿದ್ದರೆ ಅದು ನನ್ನ ತಂಗಿಯ ಹೊಲ ತಲುಪುವುದಿಲ್ಲ. ನನ್ನ ಹೊಲದಲ್ಲಿ ಉಪ್ಪಾಗಿ ನಿಲ್ಲುತ್ತದೆ. ಅವಳಿಗೆ ನೀರು ತಲುಪದ್ದು ಕೃಷ್ಣೆಯಲ್ಲಿ ನೀರು ಕಡಿಮೆಯಿದ್ದದ್ದರಿಂದ ಅಲ್ಲ, ನಡುವೆ ನಾನಿದ್ದದ್ದರಿಂದ. ಸಮುದ್ರಕ್ಕೆ ಹೋಗುವ ನೀರನ್ನು ವ್ಯರ್ಥ ಎನ್ನುತ್ತೇವೆ. ನಿಮ್ಮ ತೊರೆ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಕಾಡು, ಅಡಿಕೆ ತೋಟ, ಅಳಿವೆಯ ಮೀನುಗಾರರನ್ನೆಲ್ಲ ಮುಟ್ಟಿಕೊಂಡು ಹೋಗುವುದನ್ನು ಎರಡು ದಿನದಿಂದ ನೋಡುತ್ತಿದ್ದೇನೆ. ವ್ಯರ್ಥವಾದ ನೀರನ್ನು ನೋಡಬೇಕೆಂದಿದ್ದರೆ ನಮ್ಮ ಹೊಲದ ಬಿಳಿಯ ಮೂಲೆಗೆ ಬರಬೇಕು.

ಇನ್ನೊಂದು ವಿಷಯ, ಇದು ನಮ್ಮವರಿಗೆ ಹೇಳಬೇಕಾದದ್ದು, ಆದರೂ ಇಲ್ಲಿ ಹೇಳುತ್ತೇನೆ. ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿ ಮೂರನೆಯ ಹಂತ ಮುಗಿಸಬೇಕೆಂಬ ಬೇಡಿಕೆ ನಮ್ಮ ಕಡೆ ಜೋರಾಗಿದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಅದಕ್ಕೆ ಒಪ್ಪಿದೆ. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋದ ಮೇಲೆ ಅಲ್ಲಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ನನ್ನ ಶಾಲೆಯಲ್ಲಿದ್ದರು. ತಮ್ಮ ಮನೆಯ ತಲೆಬಾಗಿಲನ್ನು ಮಾತ್ರ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಬಾಡಿಗೆಯ ವಸತಿಗೃಹದಲ್ಲಿ ಅದನ್ನು ಹಚ್ಚುವಂತಿರಲಿಲ್ಲ, ಗೋಡೆಗೆ ಒರಗಿಸಿಟ್ಟಿದ್ದರು. ಭತ್ತದ ಹಣದಲ್ಲಿ ನಾನು ಮನೆಗೆ ತಾರಸಿ ಹಾಕಿಸಿದ ವರ್ಷ ಅವರು ನೋಡಲು ಬಂದು, ಚೆನ್ನಾಗಿದೆ ಎಂದರು. ಆಗ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಬೆಳಗಿನ ನಡಿಗೆಯಲ್ಲಿ ಕಾಲುವೆ ನೋಡುವಾಗಲೆಲ್ಲ ಆ ಬಾಗಿಲು ನೆನಪಾಗುತ್ತದೆ.

ತಂಗಿಯ ಕಥೆ ಅರ್ಧಕ್ಕೆ ಬಿಟ್ಟೆ ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಸನ್ನೆ ಮಾಡುತ್ತಿದ್ದಾರೆ. ಯಜಮಾನರು ತೀರಿಕೊಂಡಾಗ ಅವಳು ಬಂದಳು. ಹನ್ನೊಂದನೆಯ ದಿನ ನಾವಿಬ್ಬರೇ ಅಡುಗೆಮನೆಯಲ್ಲಿದ್ದಾಗ ನಾನು ಲಾಟೀನಿನ ವಿಷಯ ಹೇಳಿದೆ. ನನಗೆ ಅಂದೇ ಗೊತ್ತಿತ್ತು ಎಂದಳು. ಮತ್ತೇನೂ ಹೇಳಲಿಲ್ಲ, ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಈಗ ನಮ್ಮ ಮನೆಯ ಜೋಳದ ಬೀಜ ಅವಳ ಮನೆಯದು. ಕೊನೆಯ ತೂಬಿನ ಊರಿನಲ್ಲಿ ನೀರು ತಲುಪದ್ದರಿಂದ ಹಳೆಯ ಬಿಳಿಜೋಳ ಉಳಿದುಕೊಂಡಿತ್ತು. ನಮ್ಮ ಹೊಲ ಗುಣವಾದಾಗ ಬಿತ್ತಲು ಬೀಜ ಅಲ್ಲಿಂದಲೇ ತಂದೆವು.

ಬರುವ ಎಳ್ಳಮಾವಾಸ್ಯೆಗೆ ಅವಳ ಹೊಲದಲ್ಲಿ ಚರಗ. ನಿಮ್ಮಲ್ಲಿ ನಾಲ್ಕಾರು ಮಂದಿ ಬರುವುದಾದರೆ ಕಲಬುರಗಿಯಿಂದಾಗಲಿ ಸುರಪುರದಿಂದಾಗಲಿ ಶಹಾಪುರದ ಬಸ್ಸು ಹಿಡಿಯಿರಿ. ಅಲ್ಲಿಂದ ಭೀಮರಾಯನಗುಡಿ ಹತ್ತಿರ. ಮೊದಲು ನಮ್ಮ ಮನೆಯಲ್ಲಿ ಚಹಾ, ಆಮೇಲೆ ಬಿಳಿಯ ಮೂಲೆ ನೋಡೋಣ. ಅಲ್ಲಿಂದ ವಿತರಣಾ ಕಾಲುವೆಯ ಏರಿಯ ಮೇಲೆಯೇ ಜೀಪಿನಲ್ಲಿ ಕೆಳಗೆ ಹೋಗಬಹುದು, ತುದಿಯ ಎರಡು ಮೈಲಿ ಮಾತ್ರ ನಡೆಯಬೇಕು. ಚಪ್ಪಲಿ ಗಟ್ಟಿಯದಿರಲಿ, ಜಾಲಿಮುಳ್ಳು ಬಹಳ. ನೀರಿನ ಬಾಟಲಿ ಕಟ್ಟಿಕೊಳ್ಳಿ. ಎಷ್ಟು ಮಂದಿ ಬರುತ್ತೀರೆಂದು ಎಂಟು ದಿನ ಮುಂಚೆ ಪತ್ರ ಹಾಕಿದರೆ ತಂಗಿಗೆ ಹೇಳಿ ಕಳಿಸುತ್ತೇನೆ, ಸಜ್ಜೆ ಬೀಸಿಸಬೇಕಲ್ಲ.